ಸ್ಪ್ಯಾನಿಷ್ ಭಾಷೆಯಲ್ಲಿ ಹರ್ಷಸೂಚಕ ವಿಶೇಷಣಗಳು

ಪುಣೆಯ ಸಮೀಪದ ಚಾಕಣದಲ್ಲಿ ಸ್ಪೇನ್ ಮೂಲದ ಗೆಸ್ಟಾಂಪ್ ಸಂಸ್ಥೆಯ ಕಾರ್ಖಾನೆಯಿದೆ. ಇಂತಹ ಕಡೆ ಉದ್ಯೋಗ ಬಯಸುವ ಕನ್ನಡಿಗ ತರುಣನು ಸ್ಪ್ಯಾನಿಷ್ ಅತಿಥಿಗಳೆದುರು ತನ್ನ ಉತ್ಸಾಹವನ್ನು ತಿಳಿಸಹೋಗಿ, ಇಂಗ್ಲಿಷಿನ 'ಎಕ್ಸೈಟೆಡ್' ಪದವನ್ನೇ ತಿರುಚಿ 'ಎಕ್ಸಿತಾದೊ' ಎಂದುಬಿಡುವ ಸಂಭವವುಂಟು. ಆ ಪದಕ್ಕೆ ಕಾಮೋದ್ರೇಕದ ಅರ್ಥವೂ ಇರುವುದರಿಂದ ಸಭ್ಯರ ನಡುವೆ ಅದು ಸಲ್ಲದು. ಉತ್ಸಾಹಕ್ಕೆ 'ಎಂತುಸ್ಯಾಸ್ಮಾದೊ', ಸಂತೋಷಕ್ಕೆ 'ಕೊಂತೆಂತೊ' ಯೋಗ್ಯವಾದವು.

ಇವುಗಳ ಅಂತ್ಯವು ಹೇಳುವವರ ಲಿಂಗವನ್ನು ಅನುಸರಿಸುತ್ತದೆ. ಪುರುಷನು 'ಎಸ್ತೊಯ್ ಕೊಂತೆಂತೊ' ಎಂದರೆ ಸ್ತ್ರೀಯು 'ಎಸ್ತೊಯ್ ಕೊಂತೆಂತಾ' ಎನ್ನಬೇಕು. 'ನಾನು ಹೋಗುತ್ತೇನೆ' ಎಂದು ಇಬ್ಬರೂ ಒಂದೇ ಬಗೆಯಾಗಿ ಹೇಳುವ ಕನ್ನಡಿಗರಿಗೆ ಇದು ತೊಡಕೆನಿಸಬಹುದು. ಆದರೆ ಪುರುಷನ 'ಮೀ ಜಾತೋ', ಸ್ತ್ರೀಯ 'ಮೀ ಜಾತೇ' ಎಂಬ ಮರಾಠಿ ಭೇದವನ್ನು ಚಾಕಣದ ಪೇಟೆಯಲ್ಲಿ ದಿನವೂ ಕೇಳುವವರಿಗೆ ಹೊಸತೇನಲ್ಲ. ವಸ್ತುವನ್ನು ಹೊಗಳುವ 'ಹೆನ್ಯಾಲ್', 'ಎಕ್ಸೆಲೆಂತೆ' ಎಂಬ ಪದಗಳಾದರೋ ಮರಾಠಿಯ 'ಛಾನ್' ಪದದಂತೆ ಲಿಂಗಕ್ಕೆ ತಕ್ಕಂತೆ ಬದಲಾಗವು. ಬಹುವಚನದಲ್ಲಿ ಮಾತ್ರ 'ಹೆನ್ಯಾಲೆಸ್', 'ಎಕ್ಸೆಲೆಂತೆಸ್' ಎಂದಾಗುತ್ತವೆ.

ವಿಶೇಷಣದ ಗೊಡವೆಯೇ ಬೇಡವೆನ್ನುವವರು 'ಮೆ ಎಂಕಾಂತಾ' ಎನ್ನಬಹುದು. 'ನನಗೆ ಬಹಳ ಹಿಡಿಸುತ್ತದೆ' ಎಂಬ ನಮ್ಮ ಚತುರ್ಥೀ ವಿಭಕ್ತಿಯ ರೀತಿಯೇ ಅದು. ಹೇಳುವವರು ಗಂಡಾದರೂ ಹೆಣ್ಣಾದರೂ ಅಲ್ಲಿ ರೂಪವೊಂದೇ.