ಉಪ್ಪಿನ ಕೆರೆಯ ದಡದ ಅತ್ತೆ

ಬನ್ನಿ, ಇವತ್ತು ನಾವು ಒಂದು ದ್ವೀಪ ನೋಡಿ ಬರೋಣ. ದ್ವೀಪ ಅಂದರೆ ಸುತ್ತಲೂ ನೀರಿರುವ ನೆಲ. ಇದರ ಹೆಸರು ಸೈಪ್ರಸ್. ಇಲ್ಲಿ ಲಾರ್ನಕ ಎಂಬ ಊರಿದೆ. ಊರಾಚೆ ದೊಡ್ಡ ಉಪ್ಪುನೀರಿನ ಕೆರೆ. ಬೇಸಿಗೆಯಲ್ಲಿ ನೀರು ಒಣಗಿ, ಉಪ್ಪು ಬೆಳ್ಳಗೆ ಹರಡಿಕೊಳ್ಳುತ್ತದೆ. ಚಳಿಗಾಲದಲ್ಲಿ ನೀರು ತುಂಬುತ್ತದೆ. ಆಗ ಉದ್ದ ಕಾಲಿನ, ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ.

ಕೆರೆಯ ದಡದಲ್ಲಿ, ಮರಗಳ ನಡುವೆ ಒಂದು ಮಸೀದಿ ಕಾಣುತ್ತದೆ. ಹೆಸರು ಹಾಲಾ ಸುಲ್ತಾನ್ ತೆಕ್ಕೆ. ತೆಕ್ಕೆ ಅಂದರೆ ಫಕೀರರು ಇರುತ್ತಿದ್ದ ಮಠದಂಥ ಜಾಗ. ನಮ್ಮ ಮಾತಿನ ತೆಕ್ಕೆ ಬೇರೆ! ಹಾಲಾ ಅಂದರೆ ತುರ್ಕಿ ಮಾತಿನಲ್ಲಿ ಸೋದರತ್ತೆ. ಸುಲ್ತಾನ್ ಅಂತ ಸೇರಿಸಿದ್ದು ಗೌರವಕ್ಕೆ.

ಈ ಅತ್ತೆ ಯಾರು? ಅವರ ಹೆಸರು ಉಮ್ಮ್ ಹರಾಮ್. ಪ್ರವಾದಿ ಮುಹಮ್ಮದರ ಹತ್ತಿರದ ಬಂಧು. ಒಮ್ಮೆ ಪ್ರವಾದಿಗಳು ಇವರ ಮನೆಯಲ್ಲಿ ಮಲಗಿದ್ದರು. ತಮ್ಮ ಜನ ಹಡಗು ಹತ್ತಿ ಸಮುದ್ರ ದಾಟುವುದನ್ನು ಕನಸಿನಲ್ಲಿ ಕಂಡರು. "ನಾನೂ ಅವರಲ್ಲಿ ಒಬ್ಬಳಾಗಬೇಕು, ಪ್ರಾರ್ಥಿಸಿ" ಅಂತ ಉಮ್ಮ್ ಹರಾಮ್ ಕೇಳಿಕೊಂಡರಂತೆ. ಎಷ್ಟೋ ವರ್ಷ ಕಳೆದವು. ಕ್ರಿ.ಶ. 649ರ ಸುಮಾರಿಗೆ ಅರಬರ ದಂಡು ಸೈಪ್ರಸ್ಸಿಗೆ ಹೊರಟಿತು. ಗಂಡನ ಜೊತೆ ಅವರೂ ಹಡಗು ಹತ್ತಿದರು. ಆಗ ಅವರಿಗೆ ವಯಸ್ಸಾಗಿತ್ತು. ಆದರೂ ಹಟ ಬಿಡಲಿಲ್ಲ. ಸಮುದ್ರವನ್ನೇನೋ ದಾಟಿದರು. ಆದರೆ ಈ ಕೆರೆಯ ಹತ್ತಿರ ಹೇಸರಗತ್ತೆಯಿಂದ ಬಿದ್ದು ತೀರಿಹೋದರು. ಅಲ್ಲೇ ಮಣ್ಣು ಮಾಡಿದರು ಅಂತ ಜನ ನಂಬುತ್ತಾರೆ.

1571ರಲ್ಲಿ ತುರ್ಕಿಯ ಆಟೊಮನ್ ಸುಲ್ತಾನರು ದ್ವೀಪ ಗೆದ್ದರು. ಅವರ ಕಾಲದಲ್ಲೇ, 18ನೇ ಶತಮಾನದಲ್ಲಿ, ಸಮಾಧಿಯ ಮೇಲೆ ಗೋರಿ ಎದ್ದಿತು. 1816ರ ಸುಮಾರಿಗೆ ಮಸೀದಿಯೂ ಆಯಿತು. ಒಂದು ಗುಮ್ಮಟ, ಒಂದೇ ಮಿನಾರು. ಅಂಗಳದಲ್ಲಿ ಕೈಕಾಲು ತೊಳೆಯುವ ಜಾಗ. ನಾವೂ ಚಪ್ಪಲಿ ಬಿಟ್ಟು, ತಲೆ ಮೇಲೆ ಸೆರಗು ಹೊದ್ದು ಒಳಗೆ ಹೋಗೋಣ. ಗೋರಿಯ ಬಳಿ ಎರಡು ದೊಡ್ಡ ಬಂಡೆ ನಿಂತಿವೆ. ಅವುಗಳ ಮೇಲೆ ಇನ್ನೊಂದು ಅಡ್ಡ ಬಂಡೆ. ಇಷ್ಟು ಭಾರದ ಕಲ್ಲನ್ನು ಹೇಗೆ ಎತ್ತಿದರೋ!

1974ರಲ್ಲಿ ಈ ದ್ವೀಪದಲ್ಲಿ ಯುದ್ಧವಾಯಿತು. ದ್ವೀಪ ಎರಡು ಪಾಲಾಯಿತು. ತುರ್ಕಿ ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಉತ್ತರಕ್ಕೆ ಹೋದರು. ಗ್ರೀಕ್ ಮಾತಾಡುವ ಕ್ರೈಸ್ತರು ದಕ್ಷಿಣಕ್ಕೆ ಬಂದರು. ಎರಡೂ ಕಡೆಯವರು ಮನೆಮಠ ಬಿಟ್ಟರು. ಅತ್ತೆಯ ಗೋರಿ ದಕ್ಷಿಣದಲ್ಲೇ ಉಳಿಯಿತು. ಉತ್ತರದ ಹೆಂಗಸರು ಹರಕೆ ಹೊತ್ತರೂ ಬರುವ ದಾರಿ ಇಲ್ಲ. ನಡುವೆ ಮುಳ್ಳುತಂತಿ, ಸಿಪಾಯಿಗಳು. 29 ವರ್ಷ ಹೀಗೇ ಹೋಯಿತು. 2003ರ ಏಪ್ರಿಲಿನಲ್ಲಿ ದಾಟುವ ದಾರಿ ತೆರೆದರು. ಆಮೇಲೆ ಬಸ್ಸಿನಲ್ಲಿ ಬಂದು ಗೋರಿಗೆ ಕೈಮುಗಿದು ಹೋಗುವುದು ಅವರಿಗೆ ಸಾಧ್ಯವಾಯಿತು.

ಹೇಳಿ ನೋಡೋಣ: ಉಮ್ಮ್ ಹರಾಮ್ ಯಾಕೆ ಹಡಗು ಹತ್ತಿದರು? ನಿಮ್ಮ ಮಾತಿನಲ್ಲೇ ಎರಡು ಸಾಲು ಬರೆಯಿರಿ.