ಹಿಂಗಾರಿ ಹುಲ್ಲಿನ ಲೆಕ್ಕ

ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಕೊಂಡ ಮೊದಲ ವರ್ಷ, ಫೆಬ್ರುವರಿಯಿಂದ ಆಗಸ್ಟಿನೊಳಗೆ, ಮನೆಯ ಸುತ್ತಲಿನ ಹುಲ್ಲಿಗೆ ನಾವು ಕೊಟ್ಟದ್ದು 2,116 ಡಾಲರ್. ಮನೆಸಾಲದ ಕಂತು, ಆಸ್ತಿ ತೆರಿಗೆ, ವಿಮೆ, ಎಲ್ಲವನ್ನೂ ಕೊಳ್ಳುವ ಮೊದಲೇ ಕೂಡಿಸಿ ಕಳೆದು ನೋಡಿದ್ದೆವು. ಹುಲ್ಲಿಗೆಂದು ಮಾತ್ರ ಒಂದು ಸಾಲೂ ಬರೆದಿರಲಿಲ್ಲ. ನವಲಗುಂದದ ಎರಿ ಹೊಲದಲ್ಲಿ ಹುಲ್ಲು ಕಿತ್ತು ಬೆಳೆದವನಿಗೆ ಹುಲ್ಲು ಬೆಳೆಸಲು ಹಣ ಬೇಕೆಂಬುದು ಹೊಳೆಯಲೇ ಇಲ್ಲ.

ಹಣ ಹೋದ ದಾರಿ ಹೀಗಿದೆ. ಗೊಬ್ಬರ ಮತ್ತು ಔಷಧ ಹಾಕುವ ಕಂಪನಿಗೆ ಏಳು ಸುತ್ತಿಗೆ 476. ಹುಲ್ಲು ಕತ್ತರಿಸುವವರಿಗೆ ವಾರಕ್ಕೆ 45ರಂತೆ ಹಂಗಾಮಿನ 26 ವಾರಕ್ಕೆ ಮುಂಗಡ 1,170. ಎರಡು ಸಲ ಬೀಜಕ್ಕೆ 260. ಬೇಸಿಗೆಯ ನೀರಿನ ಬಿಲ್ಲಿನಲ್ಲಿ ಏರಿದ್ದು 210. ಇಷ್ಟು ಕೊಟ್ಟ ಮೇಲೂ ಆಗಸ್ಟಿನಲ್ಲಿ ನಮ್ಮ 5,000 ಚದರ ಅಡಿಯ ಅಂಗಳ ಮಾರ್ಚಿನಲ್ಲಿ ಇದ್ದುದಕ್ಕಿಂತ ಕೆಟ್ಟಿತ್ತು.

ಆ ಬೀಜದ 260 ಡಾಲರ್ ಕತೆಯನ್ನು ಬಿಡಿಸಿ ಹೇಳಬೇಕು. ಫೆಬ್ರುವರಿಯಲ್ಲಿ ಕಂಪನಿಯ ಪತ್ರ ಬಂದಿತ್ತು. ವರ್ಷದ ಹಣ ಒಟ್ಟಿಗೆ ಕೊಟ್ಟರೆ ರಿಯಾಯಿತಿ. ಕೊಟ್ಟೆ. ಏಪ್ರಿಲ್ ಮೊದಲ ವಾರ ಅವರು ಬಂದು ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಹುಟ್ಟದಂತೆ ಔಷಧ ಹಾಕಿ ಹೋದರು. ಎರಡು ವಾರ ಬಿಟ್ಟು, ಬೋಳಾಗಿದ್ದ ಜಾಗಗಳಿಗೆ ನಾನು 140 ಡಾಲರಿನ ಬೀಜ ಚೆಲ್ಲಿದೆ. ದಿನಕ್ಕೆ ಮೂರು ಸಲ ನೀರು ಕೊಟ್ಟೆ. ಒಂದು ಮೊಳಕೆಯೂ ನಿಲ್ಲಲಿಲ್ಲ. ಕಳೆಯ ಬೀಜ ಮೊಳೆತಾಗ ಅದರ ಬೇರು ಬೆಳೆಯದಂತೆ ತಡೆಯುವುದು ಆ ಔಷಧದ ಕೆಲಸ. ಕಳೆಯ ಬೇರು ಯಾವುದು, ನಾನು ಹಣ ಕೊಟ್ಟು ತಂದ ಬೀಜದ ಬೇರು ಯಾವುದು ಎಂದು ಅದಕ್ಕೆ ತಿಳಿಯದು. ಒಂದು ಕೈಯಿಂದ ಬೀಜಕ್ಕೆ, ಇನ್ನೊಂದು ಕೈಯಿಂದ ಅದನ್ನು ಕೊಲ್ಲುವುದಕ್ಕೆ ದುಡ್ಡು ಕೊಟ್ಟಿದ್ದೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೇ ಕೊನೆಗೆ ಮತ್ತೆ 120 ಡಾಲರಿನ ಬೀಜ ತಂದೆ. ಈ ಸಲ ಹೊಸ ಮಣ್ಣು ಹರಡಿ ಅದರ ಮೇಲೆ ಚೆಲ್ಲಿದ್ದರಿಂದ ಹಸಿರು ಎದ್ದಿತು. ಜುಲೈನ ಬಿಸಿಲಿಗೆ ಹತ್ತೇ ದಿನದಲ್ಲಿ ಅದೂ ಒಣಗಿ ಹೋಯಿತು.

ಆ ಬೇಸಿಗೆ ಅಪ್ಪ, ಅವ್ವ ಊರಿನಿಂದ ಬಂದು ನಮ್ಮಲ್ಲಿದ್ದರು. ಒಂದು ಸಂಜೆ ಅಪ್ಪ ಒಣಗಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳನ್ನು ಮಣ್ಣಿಗಿಳಿಸಿ ಹಸಿ ಎಷ್ಟಿದೆಯೆಂದು ನೋಡಿದರು. ಸತ್ತ ಸಸಿಯೊಂದನ್ನು ಕಿತ್ತು ಬೇರು ತೋರಿಸಿದರು. ಅರ್ಧ ಇಂಚೂ ಇರಲಿಲ್ಲ.

“ತಮ್ಮಾ, ಇದು ಯಾವ ಹಂಗಾಮಿನ ಬೀಜ? ಮುಂಗಾರಿದೋ, ಹಿಂಗಾರಿದೋ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ.

“ಹಂಗಾಮ ಗೊತ್ತಿಲ್ದ ಬೀಜಕ್ಕ ರೊಕ್ಕಾ ಹಾಕಬಾರ್ದಪ್ಪಾ” ಎಂದರು, ಬೈಯುವ ದನಿಯಲ್ಲಲ್ಲ, ಹೊಲದ ಬದುವಿನ ಮೇಲೆ ಕೂತು ಹೇಳುವ ದನಿಯಲ್ಲಿ.

ಆ ರಾತ್ರಿಯೇ ಓದಲು ಕೂತೆ. ಅಮೆರಿಕದ ಉತ್ತರ ಭಾಗದ ಮನೆಗಳ ಮುಂದೆ ಬೆಳೆಯುವುದು ಮುಖ್ಯವಾಗಿ ಕೆಂಟಕಿ ಬ್ಲೂಗ್ರಾಸ್, ಪೆರೆನಿಯಲ್ ರೈಗ್ರಾಸ್, ಫೆಸ್ಕ್ಯೂ ಎಂಬ ತಂಪುಕಾಲದ ಹುಲ್ಲುಗಳು. ಹವೆ 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಇವುಗಳ ಎಲೆಗೆ ಹಿತ. ಬೇರಿಗೆ ಮಣ್ಣು ಇನ್ನೂ ತಂಪಾಗಿ, 10ರಿಂದ 18 ಡಿಗ್ರಿ ಇರಬೇಕು. ಬೇಸಿಗೆಯಲ್ಲಿ ಬೇರು ಮೊಟಕಾಗಿ ಹುಲ್ಲು ಅರೆನಿದ್ದೆಗೆ ಜಾರುತ್ತದೆ. ಆಗ ಮೆರೆಯುವುದು ಕ್ರ್ಯಾಬ್‌ಗ್ರಾಸ್. ನಮ್ಮೂರ ಕರಕಿಯ ಹಾಗೆ, ದಕ್ಷಿಣದವರು ಗರಿಕೆ ಎನ್ನುವುದರ ಹಾಗೆ, ಅದು ಬಿಸಿಲಿನ ಜಾತಿ.

ವಸಂತದಲ್ಲಿ ಬಿತ್ತಿದ ಬೀಜ ಬೇರು ಬಿಡುವ ಮೊದಲೇ ಬೇಸಿಗೆಯ ಬಾಯಿಗೆ ಬೀಳುತ್ತದೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ಆರಂಭದೊಳಗೆ ಬಿತ್ತಿದರೆ ಎಲ್ಲವೂ ಬೀಜದ ಪರವಾಗಿರುತ್ತದೆ. ಮಣ್ಣಿನಲ್ಲಿ ಬೇಸಿಗೆಯ ಬಿಸಿ ಉಳಿದಿರುವುದರಿಂದ ಮೊಳಕೆ ಬೇಗ ಬರುತ್ತದೆ. ಗಾಳಿ ತಂಪಾಗುತ್ತದೆ, ಇಬ್ಬನಿ ಬೀಳುತ್ತದೆ. ಮೊದಲ ಹಿಮಗಟ್ಟುವ ರಾತ್ರಿಗೆ ಕ್ರ್ಯಾಬ್‌ಗ್ರಾಸ್ ತಾನಾಗಿ ಸಾಯುತ್ತದೆ. ಮುಂದಿನ ಬೇಸಿಗೆಯ ಮೊದಲು ಬೇರು ಇಳಿಸಲು ಒಂದು ಶರತ್ಕಾಲ, ಒಂದು ವಸಂತ ಸಿಗುತ್ತದೆ. ಊರಿನಲ್ಲಿ ಹಿಂಗಾರಿ ಜೋಳ, ಕಡಲೆ, ಗೋಧಿ ಬಿತ್ತುವುದೂ ಇದೇ ಲೆಕ್ಕದಲ್ಲಿ. ಮಳೆ ಹಿಂದೆ ಸರಿದು, ಭೂಮಿಯಲ್ಲಿ ಹಸಿ ಉಳಿದು, ಚಳಿ ಮುಂದೆ ಬರುವ ಹೊತ್ತು. ನನ್ನ ಅಂಗಳದ್ದು ಹಿಂಗಾರಿ ಹುಲ್ಲು. ಅದಕ್ಕೆ ಮುಂಗಾರಿಯಲ್ಲಿ ದುಡ್ಡು ಸುರಿದಿದ್ದೆ.

ಆ ವರ್ಷ ಗಣೇಶ ಚೌತಿಯ ವಾರ ಅಪ್ಪನೂ ನಾನೂ ಕೂಡಿ ಬೀಜ ಹಾಕಿದೆವು. ಕೂರಿಗೆ ಹಿಡಿದ ಕೈ ಇಲ್ಲಿ ಅಳತೆಯಿಂದ ಚೆಲ್ಲುವುದನ್ನು ಕಲಿಯಿತು. ಹೊಸ ಸಸಿಗೆ ಕಳೆನಾಶಕ ಬೀಳಬಾರದೆಂದು ಕಂಪನಿಗೆ ಫೋನ್ ಮಾಡಿ ಆ ತಿಂಗಳ ಸುತ್ತು ಬೇಡವೆಂದೆ. ಅವರು ಬರಲಿಲ್ಲ, ಆದರೆ ಮುಂಗಡ ಕೊಟ್ಟ ಹಣವೂ ಹಿಂದೆ ಬರಲಿಲ್ಲ. ಎಂಟನೆಯ ದಿನ ರೈಗ್ರಾಸ್ ಕೂದಲೆಳೆಯಂತೆ ಎದ್ದಿತು. ಫೆಸ್ಕ್ಯೂ ಎರಡನೆಯ ವಾರ ಬಂತು. ಬ್ಲೂಗ್ರಾಸಿಗೆ ಹದಿನಾಲ್ಕರಿಂದ ಮೂವತ್ತು ದಿನ ಬೇಕೆಂದು ಓದಿದ್ದರಿಂದ ಅವಸರ ಪಡದೆ ಕಾದೆ. ಅದೂ ಬಂತು.

ಅಂದಿನಿಂದ ಹುಲ್ಲಿನ ಹೆಸರಲ್ಲಿ ಒಂದು ಡಾಲರ್ ತೆಗೆಯುವ ಮೊದಲೂ ಅಪ್ಪನ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಲ್ಲಿರುವ ಕನ್ನಡಿಗ ಗೆಳೆಯರಿಗೆ ಮೂರು ಹಬ್ಬದ ಲೆಕ್ಕ ಹೇಳುತ್ತೇನೆ. ಯುಗಾದಿಯ ಹೊತ್ತಿಗೆ ಫಾರ್ಸಿಥಿಯಾ ಗಿಡ ಹಳದಿ ಹೂ ಬಿಡುತ್ತದೆ. ಮಣ್ಣು 13 ಡಿಗ್ರಿ ಮುಟ್ಟಿ ಕ್ರ್ಯಾಬ್‌ಗ್ರಾಸ್ ಮೊಳೆಯುವ ಕಾಲ ಹತ್ತಿರ ಬಂತೆಂದು ಅರ್ಥ. ತಡೆಯುವ ಔಷಧ ಆಗ ಹಾಕಬೇಕು, ಆ ವಸಂತದಲ್ಲಿ ಬೀಜ ಹಾಕಬಾರದು. ಚೌತಿಗೆ ಬೀಜ ಮತ್ತು ಮೊದಲ ಗೊಬ್ಬರ. ದೀಪಾವಳಿಗೆ ಕೊನೆಯ ಗೊಬ್ಬರ. ನ್ಯೂಜೆರ್ಸಿಯ 2011ರ ಕಾನೂನಿನಂತೆ ನವೆಂಬರ್ 15ರ ನಂತರ ಮಾರ್ಚ್ 1ರವರೆಗೆ ಮನೆಯವರು ಗೊಬ್ಬರ ಹಾಕುವಂತಿಲ್ಲ. ದೀಪಾವಳಿ ಸಾಮಾನ್ಯವಾಗಿ ಆ ಗಡಿಯೊಳಗೇ ಬರುತ್ತದೆ.

ಇನ್ನು ದುಡ್ಡು ಸೋರುವ ತೂತುಗಳು.

ಮೊದಲನೆಯದು ಮಣ್ಣು ನೋಡದೆ ಗೊಬ್ಬರ ಕೊಳ್ಳುವುದು. ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮಣ್ಣು ಕಳಿಸಿದ್ದಕ್ಕೆ ನನಗೆ ಇಪ್ಪತ್ತು ಡಾಲರ್ ಚಿಲ್ಲರೆ ಬಿತ್ತು. ಮೂರು ವರ್ಷಕ್ಕೊಮ್ಮೆ ಸಾಕು. ನಮ್ಮ ಮಣ್ಣಿನ ರಸಸಾರ 5.6 ಎಂದು ಬಂತು. ಈ ಹುಲ್ಲುಗಳಿಗೆ 6ರಿಂದ 7ರ ನಡುವೆ ಇರಬೇಕು. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಹುಲ್ಲು ಅದನ್ನು ಸರಿಯಾಗಿ ಉಣ್ಣಲಾರದು. 36 ಡಾಲರಿನ ಆರು ಚೀಲ ಸುಣ್ಣದ ಕಾಳು ಮಾಡಿದ ಕೆಲಸವನ್ನು ಏಳು ಸುತ್ತಿನ ಕಂಪನಿ ಮಾಡಿರಲಿಲ್ಲ. ಮಣ್ಣಿನಲ್ಲಿ ರಂಜಕ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅದೇ 2011ರ ಕಾನೂನು, ಹೊಸದಾಗಿ ಬಿತ್ತುವಾಗ ಅಥವಾ ಪರೀಕ್ಷೆಯಲ್ಲಿ ಕೊರತೆ ಕಂಡಾಗ ಬಿಟ್ಟರೆ, ರಂಜಕದ ಗೊಬ್ಬರವನ್ನು ಹುಲ್ಲಿಗೆ ಹಾಕಬಾರದೆನ್ನುತ್ತದೆ. ಮಳೆಗೆ ಕೊಚ್ಚಿಹೋಗಿ ಕೆರೆ, ಹೊಳೆಗಳಲ್ಲಿ ಪಾಚಿ ಬೆಳೆಸುವುದು ಅದೇ ರಂಜಕ. ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು, ಅಂದರೆ ರಂಜಕದ್ದು, ಸೊನ್ನೆಯಿರುವುದನ್ನು ಆರಿಸಿದರೆ ಜೇಬಿಗೂ ಹೊಳೆಗೂ ಒಳ್ಳೆಯದು.

ಎರಡನೆಯದು ಬೀಜದ ಚೀಲ. ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಚೀಟಿ ಓದಬೇಕು. ನಾನು ಮೊದಲು ತಂದ 35 ಡಾಲರಿನ 7 ಪೌಂಡ್ ಚೀಲದಲ್ಲಿ ಅರ್ಧ ತೂಕ ಬೀಜಕ್ಕೆ ಬಳಿದ ಲೇಪದ್ದು. ಉಳಿದ ಮೂರೂವರೆ ಪೌಂಡಿನಲ್ಲಿ ಮೊಳೆಯುವ ಪ್ರಮಾಣ ಶೇ 85. ಜೀವವಿರುವ ಬೀಜ ಮೂರು ಪೌಂಡೂ ಇಲ್ಲ. ಅಂದರೆ ಪೌಂಡಿಗೆ ಹೆಚ್ಚುಕಡಿಮೆ 12 ಡಾಲರ್. ಆಮೇಲೆ ತಂದ 48 ಡಾಲರಿನ 10 ಪೌಂಡ್ ಚೀಲದಲ್ಲಿ ಶುದ್ಧ ಬೀಜ ಶೇ 98, ಮೊಳೆಯುವುದು ಶೇ 90. ಜೀವವಿರುವ ಬೀಜ 8.8 ಪೌಂಡ್. ಪೌಂಡಿಗೆ ಐದೂವರೆ ಡಾಲರ್. ಅಂಗಡಿಯಲ್ಲಿ ಅಗ್ಗವಾಗಿ ಕಂಡದ್ದು ಎರಡು ಪಟ್ಟು ತುಟ್ಟಿ.

ಚೀಟಿಯಲ್ಲಿ ತಳಿಯ ಹೆಸರೂ ಇರಬೇಕು. ಹೆಸರಿಲ್ಲದ ತಳಿಯನ್ನು ನಮ್ಮ ರೈತರೂ ನಂಬುವುದಿಲ್ಲ. ಹುಲ್ಲಿನ ತಳಿಗೆ ದೊಡ್ಡ ಇತಿಹಾಸ ಇದೇ ನೆಲದಲ್ಲಿದೆ. ರಟ್ಗರ್ಸ್‌ನ ರೀಡ್ ಫಂಕ್ ಅವರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ತುಳಿತಕ್ಕೆ ಬಾಳಿ ಉಳಿದ ಹುಲ್ಲನ್ನು ಆರಿಸಿ ತಂದು ‘ಮ್ಯಾನ್‌ಹಟನ್’ ಎಂಬ ರೈಗ್ರಾಸ್ ತಳಿ ಮಾಡಿದರು. ಅದು ಹೊರಬಂದದ್ದು 1967ರಲ್ಲಿ. ಬೆಳೆಯನ್ನು ಆರಿಸುವ ರೈತನ ಕಣ್ಣೇ ಅಲ್ಲಿಯೂ ಕೆಲಸ ಮಾಡಿದೆ.

ಮೂರನೆಯದು ಕತ್ತರಿಸುವ ಎತ್ತರ. ನಮ್ಮಲ್ಲಿಗೆ ಬರುತ್ತಿದ್ದವರು ಎರಡು ಇಂಚಿಗೆ ಬೋಳಿಸುತ್ತಿದ್ದರು. ಮೂರರಿಂದ ಮೂರೂವರೆ ಇಂಚು ಬಿಟ್ಟರೆ ಬೇರು ಆಳಕ್ಕಿಳಿಯುತ್ತದೆ. ನೆರಳಿಗೆ ಮಣ್ಣು ತಂಪಾಗಿದ್ದು ಕಳೆ ಮೊಳೆಯುವುದು ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಕತ್ತರಿಸಿದ್ದನ್ನು ಅಲ್ಲೇ ಬಿಟ್ಟರೆ ಹುಲ್ಲಿಗೆ ಬೇಕಾದ ಸಾರಜನಕದ ಸುಮಾರು ಕಾಲುಭಾಗ ಪುಕ್ಕಟೆ ಮಣ್ಣಿಗೆ ಮರಳುತ್ತದೆ. ಮೋವರಿನ ಗಾಲಿಯ ಕಡ್ಡಿಯನ್ನು ಎರಡು ಗೀರು ಮೇಲೆ ಏರಿಸಲು ಒಂದು ಪೈಸೆಯೂ ಬೇಕಿಲ್ಲ. ನಮ್ಮ ಅಂಗಳಕ್ಕೆ ಅತಿ ಹೆಚ್ಚು ಲಾಭ ಮಾಡಿದ್ದು ಅದೇ.

ನಾಲ್ಕನೆಯದು ನೀರು. ಬೇಸಿಗೆಯಲ್ಲಿ ಕಂದಾದ ಬ್ಲೂಗ್ರಾಸ್ ಸತ್ತಿರುವುದಿಲ್ಲ, ಮಲಗಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಅರ್ಧ ಇಂಚು ನೀರು ಅದರ ಬುಡದ ಜೀವ ಹಿಡಿದಿಡಲು ಸಾಕು. ದಿನಾ ಸಂಜೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು, ರೋಗ ಬರುತ್ತದೆ, ಬಿಲ್ಲೂ ಬರುತ್ತದೆ.

ಐದನೆಯದು ಹೆದರಿಕೆಗೆ ಕೊಡುವ ಹಣ. ಏಳು ಸುತ್ತಿನಲ್ಲಿ ಒಂದು ಗೊಣ್ಣೆಹುಳುವಿನ ಔಷಧದ್ದಾಗಿತ್ತು. ಹುಲ್ಲಿನ ಬೇರು ತಿನ್ನುವ ಈ ಹುಳುಗಳಲ್ಲಿ ಜಪಾನಿ ದುಂಬಿಯದು ಮುಖ್ಯ. ಅಮೆರಿಕದಲ್ಲಿ ಅದು ಮೊದಲು ಕಂಡದ್ದು 1916ರಲ್ಲಿ, ನ್ಯೂಜೆರ್ಸಿಯ ರಿವರ್ಟನ್ ಬಳಿ. ಅಪಾಯ ನಿಜ. ಆದರೆ ಔಷಧಕ್ಕೆ ಮೊದಲು ಒಂದು ಚದರ ಅಡಿ ಹುಲ್ಲನ್ನು ಚಾಪೆಯಂತೆ ಬಿಡಿಸಿ ಎಣಿಸಬೇಕು. ಹತ್ತರ ಆಸುಪಾಸು ಇದ್ದರೆ ಚಿಂತೆ. ಚೌತಿಯ ಹೊತ್ತಿಗೆ ನಾನು ನಾಲ್ಕು ಕಡೆ ಬಿಡಿಸಿದೆ. ಎಲ್ಲೂ ಮೂರು ದಾಟಿರಲಿಲ್ಲ.

ಈಗಿನ ವರ್ಷದ ಲೆಕ್ಕ: ಮಣ್ಣುಪರೀಕ್ಷೆ 7. ಗೊಬ್ಬರ ಎರಡು ಸಲ 56. ಕ್ರ್ಯಾಬ್‌ಗ್ರಾಸ್ ತಡೆ 32. ತೆಳುವಾದ ಕಡೆಗೆ ಬೀಜ 40. ಮಣ್ಣಿಗೆ ರಂಧ್ರ ಹೊಡೆಯುವ ಯಂತ್ರದ ಬಾಡಿಗೆ, ಪಕ್ಕದ ಮನೆಯವರೊಂದಿಗೆ ಹಂಚಿಕೊಂಡು, 38. ಮೋವರ್ ಮತ್ತು ಗೊಬ್ಬರದ ಗಾಡಿ ಎಂಟು ವರ್ಷ ಬಾಳುತ್ತವೆಂದು ಹಿಡಿದು ವರ್ಷಕ್ಕೆ 60. ನೀರು 80. ಒಟ್ಟು 313 ಡಾಲರ್.

ಉಳಿದದ್ದು 1,803. ಇದರಲ್ಲಿ ಬೆವರಿನ ಉಳಿತಾಯ ಬೇರೆ, ತಿಳಿವಳಿಕೆಯ ಉಳಿತಾಯ ಬೇರೆ. ವರ್ಷಕ್ಕೆ ಸುಮಾರು 35 ಗಂಟೆ ನಾನೇ ದುಡಿಯುತ್ತೇನೆ, ಅದರಲ್ಲಿ ಹೆಚ್ಚಿನದು ಕತ್ತರಿಸುವುದಕ್ಕೆ. ಬೆನ್ನುನೋವಿದ್ದವರು, ಎರಡೆರಡು ಕೆಲಸ ಮಾಡುವವರು, ಚಿಕ್ಕ ಮಕ್ಕಳಿರುವವರು ಕತ್ತರಿಸುವ ಕೆಲಸಕ್ಕೆ ಆಳು ಇಟ್ಟುಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಆ ಭಾಗವನ್ನು ಎರಡೂ ಕಡೆಯಿಂದ (ಈಗಿನ ಲೆಕ್ಕದಲ್ಲಿ ಗೊಬ್ಬರದ ಗಾಡಿಯದ್ದು ಬಿಟ್ಟು ಮೋವರಿನ ಪಾಲನ್ನಷ್ಟೇ) ತೆಗೆದು ನೋಡಿದರೂ 946 ಇದ್ದ ಖರ್ಚು 259ಕ್ಕೆ ಇಳಿಯುತ್ತದೆ. ಆ 687 ಡಾಲರ್ ಬಹುಪಾಲು ಕಾಲ ತಿಳಿದದ್ದಕ್ಕೆ ಸಿಕ್ಕ ಹಣ. ಕಂಪನಿಯನ್ನೇ ಕರೆಯುವವರು ಯಾವ ಔಷಧ, ಯಾವ ತಿಂಗಳು, ಮಣ್ಣು ನೋಡಿದ್ದೀರಾ, ನಡುವೆ ಒಂದು ಸುತ್ತು ಬಿಟ್ಟರೆ ಹಣ ಹಿಂದೆ ಬರುತ್ತದೆಯೇ ಎಂದು ಸಹಿ ಹಾಕುವ ಮೊದಲು ಕೇಳಿ.

ಉಳಿದ ಹಣವನ್ನು ತಿಂಗಳಿಗೆ 150 ಡಾಲರಿನಂತೆ ಮಗಳ ಕಾಲೇಜಿಗೆಂದಿರುವ 529 ಎಂಬ ಉಳಿತಾಯ ಖಾತೆಗೆ ಹಾಕುತ್ತಿದ್ದೇವೆ. ವರ್ಷಕ್ಕೆ ಶೇ 6ರ ಗಳಿಕೆ ಹಿಡಿದರೆ ಹತ್ತು ವರ್ಷಕ್ಕೆ ಅದು 24,000 ದಾಟುತ್ತದೆ. ಹುಲ್ಲಿಗೆಂದು ಹೋಗುತ್ತಿದ್ದುದು ಅಷ್ಟು ದೊಡ್ಡ ಹಣ.

ಈ ಫೆಬ್ರುವರಿಯಲ್ಲೂ ಮುಂಗಡದ ರಿಯಾಯಿತಿಯ ಪತ್ರ ಬಂದಿದೆ. ಕಿಟಕಿಯಾಚೆ ಹಿಮದಡಿ ಹುಲ್ಲು ಮಲಗಿದೆ. ಕ್ಯಾಲೆಂಡರ್ ತಿರುವಿ ಈ ವರ್ಷದ ಚೌತಿ ಯಾವ ದಿನವೆಂದು ನೋಡಿ, ಅದಕ್ಕೊಂದು ಸುತ್ತು ಹಾಕಿದೆ. ಊರಿಗೆ ಫೋನ್ ಮಾಡಿದಾಗ ಅಪ್ಪನಿಗೂ ಆ ತಾರೀಖು ಹೇಳಿದೆ. ಬೀಜ ತಂದಿಟ್ಟೆಯಾ ಎಂದು ಕೇಳಿದರು. ಇನ್ನೂ ಹಂಗಾಮು ಬಂದಿಲ್ಲ ಅಪ್ಪಾ ಎಂದೆ.