ರಣರಂಗದಲ್ಲಿ ವಿಪ್ರಲಂಭ

ವೀರರಸಕ್ಕೆ ಉತ್ಸಾಹವೇ ಸ್ಥಾಯಿಭಾವವೆಂಬುದು ಆಲಂಕಾರಿಕರ ಸಮ್ಮತವಾದ ಮತ. ಆದುದರಿಂದ ಯೋಧನನ್ನು ಹುರಿದುಂಬಿಸಲು ರಣಭೇರಿ, ಕಹಳೆ, ವಂದಿಮಾಗಧರ ಬಿರುದಾವಳಿಗಳೇ ತಕ್ಕವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಅಗಲಿಕೆಯ ಕೋಮಲಗೀತವೂ ಸೈನಿಕನ ಧೃತಿಯನ್ನು ಕಾಯಬಲ್ಲುದೆ? ಎರಡನೆಯ ಮಹಾಯುದ್ಧದಲ್ಲಿ ಈ ಪ್ರಶ್ನೆ ಕಾರ್ಯರೂಪದಲ್ಲಿಯೇ ಎದುರಾಯಿತು.

ಇಂಗ್ಲೆಂಡಿನ ಗಾಯಕಿ ವೆರಾ ಲಿನ್ (1917–2020) ಅವರು 1939ರಲ್ಲಿ ಧ್ವನಿಮುದ್ರಿಸಿದ ‘ವೀಲ್ ಮೀಟ್ ಅಗೇನ್’ ಎಂಬ ಗೀತವು ಪುನಸ್ಸಮಾಗಮದ ಭರವಸೆಯನ್ನು ಸಾರುವಂಥದು. 1941ರಲ್ಲಿ ಆರಂಭವಾದ ಅವರ ಬಿ.ಬಿ.ಸಿ. ಬಾನುಲಿ ಕಾರ್ಯಕ್ರಮದಲ್ಲಿ ಹಾಡಿನೊಡನೆ ಮನೆವಾರ್ತೆಯೂ ಇರುತ್ತಿತ್ತು. ದೂರದೇಶದ ಯೋಧನಿಗೆ ಮಗು ಹುಟ್ಟಿದ ಸುದ್ದಿ ಆಕೆಯ ಕಂಠದಿಂದ ತಲುಪುತ್ತಿತ್ತು. ಇಂತಹ ಗಾನವು ಸೈನಿಕರ ಪೌರುಷವನ್ನು ಕುಗ್ಗಿಸುತ್ತದೆಂದು ಕೆಲವು ಗಣ್ಯರು ಆಕ್ಷೇಪಿಸಿದರು. 1942ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಅತಿಭಾವುಕ ಗೀತಗಳಿಗೆ ಕಡಿವಾಣವನ್ನೂ ಹಾಕಿತು.

ಆದರೆ ಯೋಧರ ಆದರವು ಕುಂದಲಿಲ್ಲ. ಬರ್ಮಾ ಗಡಿಯಲ್ಲಿ ಜಪಾನಿಗರೊಡನೆ ಸೆಣಸುತ್ತಿದ್ದ 14ನೆಯ ಸೈನ್ಯದಲ್ಲಿ ಬಹುಸಂಖ್ಯಾತರು ಭಾರತೀಯರು. ಯುರೋಪಿನ ಸುದ್ದಿಗಳ ಗದ್ದಲದಲ್ಲಿ ಆ ಸೈನ್ಯಕ್ಕೆ ‘ಮರೆತುಹೋದ ಸೈನ್ಯ’ವೆಂಬ ಹೆಸರೇ ಬಿದ್ದಿತ್ತು. 1944ರಲ್ಲಿ ವೆರಾ ಲಿನ್ ಅಲ್ಲಿಗೆ ಹೋದರು. ಬಿಸಿಲು ಸೆಕೆಗಳನ್ನು ಸಹಿಸಿ ಬಯಲಿನಲ್ಲಿ ಹಾಡಿದರು. ಆಸ್ಪತ್ರೆಗಳಲ್ಲಿ ಗಾಯಾಳುಗಳ ಬಳಿ ಕುಳಿತು ಮಾತನಾಡಿದರು. ಈ ಸೇವೆಗಾಗಿ 1985ರಲ್ಲಿ ಅವರಿಗೆ ‘ಬರ್ಮಾ ಸ್ಟಾರ್’ ಪದಕ ಸಂದಿತು.

ಆಕ್ಷೇಪಿಸಿದವರು ತಪ್ಪಿದುದೆಲ್ಲಿ? ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಸಮಾಧಾನವನ್ನು ಇತ್ತಿದ್ದಾನೆ. ಕರುಣವು ನಿರಪೇಕ್ಷ; ಅಲ್ಲಿ ಮರಳಿ ಕೂಡುವ ಆಸೆ ಅಳಿದಿರುತ್ತದೆ. ವಿಪ್ರಲಂಭವು ಸಾಪೇಕ್ಷ, ಅಲ್ಲಿ ಆಸೆ ಉಳಿದಿರುತ್ತದೆ. ಎರಡರಲ್ಲಿಯೂ ಕಣ್ಣೀರುಂಟು, ಆದರೆ ಫಲ ಬೇರೆ. ಆಸೆ ಅಳಿದೆಡೆಯಲ್ಲಿ ಉತ್ಸಾಹವೂ ಅಳಿಯುತ್ತದೆ. ಆಸೆ ಉಳಿದೆಡೆಯಲ್ಲಿ ಮನೆಯ ನೆನಪೇ ಧೃತಿಗೆ ಆಸರೆಯಾಗುತ್ತದೆ. ವಿಮರ್ಶಕರು ವಿಪ್ರಲಂಭವನ್ನು ಕರುಣವೆಂದು ಭ್ರಮಿಸಿದರು.

ಗಾನವು ಮರಳುವ ಆಸೆಯನ್ನು ಕೊಡಬಲ್ಲುದು, ಮರಳಿಸಲಾರದು. ಕೊಹಿಮಾದ ಯುದ್ಧಸ್ಮಾರಕವು ದಹನಸಂಸ್ಕಾರ ಹೊಂದಿದ 900ಕ್ಕೂ ಮಿಗಿಲಾದ ಹಿಂದೂ ಮತ್ತು ಸಿಖ್ ಯೋಧರನ್ನು ಇಂದಿಗೂ ನೆನೆಯುತ್ತಿದೆ. ಅವರ ಮನೆಗಳಲ್ಲಿ ವಿಪ್ರಲಂಭವು ಕರುಣವಾಗಿಯೇ ಪರಿಣಮಿಸಿತು. ತರಗತಿಯಲ್ಲಿ ಈ ಎರಡು ರಸಗಳ ಭೇದವನ್ನು ಬೋಧಿಸುವ ಉಪಾಧ್ಯಾಯರು ಕಾವ್ಯದ ನಿದರ್ಶನಗಳೊಡನೆ ಇದನ್ನೂ ಹೇಳುವುದು ಉಚಿತ.